ಹುಮನಾಬಾದಿನಲ್ಲಿ ನಿಲ್ಲದ ಲಾರಿ

ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಸೊಲ್ಲಾಪುರ, ಉಮರ್ಗಾ ದಾಟಿ ಕರ್ನಾಟಕದ ಗಡಿ ಹೊಕ್ಕ ಮೇಲೆ ಬಸವಕಲ್ಯಾಣಕ್ಕೆ ಹೊರಳುವ ದಾರಿ ಸಿಗುತ್ತದೆ, ಮುಂದೆ ಹುಮನಾಬಾದು. ಶನಿವಾರ ಪುಣೆಯಲ್ಲಿ ಹಾಡಿ ಭಾನುವಾರ ಹೈದರಾಬಾದಿನಲ್ಲಿ ಹಾಡಬೇಕಾದ ರಾಕ್ ತಂಡದ ಸಾಮಾನು ರಸ್ತೆಯ ಮೇಲೆ ಹೋಗುವುದಾದರೆ ಇದೇ ದಾರಿ. ಡ್ರಮ್ಮು, ಗಿಟಾರು, ಆಳೆತ್ತರದ ಸ್ಪೀಕರು ಎಲ್ಲವೂ ಈ ಎರಡು ಊರುಗಳ ಮಗ್ಗುಲಲ್ಲೇ ಹಾಯ್ದುಹೋಗುತ್ತವೆ. ಲಾರಿ ನಿಲ್ಲುವುದು ಚಹಾಕ್ಕೆ ಮಾತ್ರ.

ರಾಕ್ ತಂಡಗಳ ತಿರುಗಾಟವೆಂದರೆ ಒಂದು ಸಣ್ಣ ದಂಡಯಾತ್ರೆ. ಹಾಡುವವರು ನಾಲ್ಕೈದು ಮಂದಿ, ಹೊರುವವರು ಅದರ ಹತ್ತುಪಟ್ಟು. ಬೆಳಿಗ್ಗೆ ಬಂದು ಅಟ್ಟ ಕಟ್ಟಬೇಕು, ಮಧ್ಯಾಹ್ನ ಒಂದೊಂದು ವಾದ್ಯವನ್ನೂ ನುಡಿಸಿ ದನಿ ಹದಗೊಳಿಸಬೇಕು, ರಾತ್ರಿ ಹಾಡಬೇಕು, ಬೆಳಗಾಗುವುದರೊಳಗೆ ಎಲ್ಲ ಬಿಚ್ಚಿ ಮುಂದಿನ ಊರಿಗೆ ಹೊರಡಬೇಕು. ಐರನ್ ಮೇಡನ್ ಎಂಬ ಇಂಗ್ಲಿಷ್ ತಂಡವಂತೂ 2008ರಲ್ಲಿ ಇಡೀ ವಿಮಾನವನ್ನೇ ತನ್ನ ತಿರುಗಾಟಕ್ಕೆ ಗೊತ್ತುಮಾಡಿಕೊಂಡಿತು. ಅದನ್ನು ಓಡಿಸಿದ ಪೈಲಟ್ ಬೇರೆ ಯಾರೂ ಅಲ್ಲ, ತಂಡದ ಗಾಯಕ ಬ್ರೂಸ್ ಡಿಕಿನ್ಸನ್. ಹಾಡುವವನೇ ಬಂಡಿ ಹೊಡೆಯುವುದು ನಮ್ಮ ಬಯಲಾಟದ ಮೇಳದವರಿಗೆ ಹೊಸದೇನಲ್ಲ ಬಿಡಿ. ಅವರದು ಎತ್ತಿನ ಬಂಡಿ, ಇವರದು ಬೋಯಿಂಗ್.

ಇಂಥ ತಂಡಗಳಿಗೆ ಕರ್ನಾಟಕವೆಂದರೆ ಬೆಂಗಳೂರು. 2003ರಲ್ಲಿ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿತು, ಜನ ಮಳೆಯಲ್ಲಿ ನೆನೆದುಕೊಂಡೇ ಕೇಳಿದರು. 2007ರಲ್ಲಿ ಐರನ್ ಮೇಡನ್ ಬಂತು, 2011ರಲ್ಲಿ ಮೆಟಾಲಿಕಾ ಬಂತು. ಹುಮನಾಬಾದಿನ ಹುಡುಗನೊಬ್ಬ ಅವನ್ನು ಕೇಳಬೇಕಾದರೆ ಆರುನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕಾಗಿತ್ತು. ಟಿಕೀಟಿನ ದುಡ್ಡು ಬೇರೆ. ‘ನಿಮ್ಮ ಕಡೆಯವರಿಗೆ ಇದರ ರುಚಿ ಇಲ್ಲ’ ಎಂದು ದೊಡ್ಡ ಊರಿನವರು ಸುಲಭವಾಗಿ ಹೇಳಿಬಿಡುತ್ತಾರೆ. ಮಾತು ಇಲ್ಲೇ ಕೆಡುವುದು.

ಏಕೆಂದರೆ ಬಸವಕಲ್ಯಾಣ ಸಂಗೀತದ ರುಚಿಯನ್ನು ಬೇರೆಯವರಿಂದ ಕಡ ತರಬೇಕಾದ ಊರಲ್ಲ. ಇದು ಕಲ್ಯಾಣದ ಚಾಲುಕ್ಯರ ರಾಜಧಾನಿ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಆಳಿದ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಬರೆದ. ಆನೆ ಪಳಗಿಸುವುದರಿಂದ ಅಡಿಗೆ ಮಾಡುವವರೆಗೆ ಎಲ್ಲವನ್ನೂ ಹೇಳುವ ಈ ನೂರು ಅಧ್ಯಾಯಗಳ ಗ್ರಂಥದಲ್ಲಿ ಗೀತ, ವಾದ್ಯ, ನೃತ್ಯಗಳಿಗೆ ಪ್ರತ್ಯೇಕ ಅಧ್ಯಾಯಗಳಿವೆ. ಅವನ ಮಗ ಜಗದೇಕಮಲ್ಲ ‘ಸಂಗೀತಚೂಡಾಮಣಿ’ ಬರೆದ. ಮುಂದಿನ ಶತಮಾನದಲ್ಲಿ ದೇವಗಿರಿಯಲ್ಲಿ ‘ಸಂಗೀತರತ್ನಾಕರ’ ಬರೆದ ಶಾರ್ಙ್ಗದೇವ ತನ್ನ ಹಿಂದಿನ ಆಚಾರ್ಯರನ್ನು ನೆನೆಯುವಾಗ ಈ ತಂದೆ ಮಗ ಇಬ್ಬರನ್ನೂ ಹೆಸರಿಸುತ್ತಾನೆ. ದೊರೆಗಳೇ ಸಂಗೀತಶಾಸ್ತ್ರ ಬರೆದ ಊರು ಇದು.

ಆದರೆ ಅದು ಅರಮನೆಯ ಹಾಡು. ಎಲ್ಲರ ಹಾಡು ಬೇಕೆಂದರೆ ಹುಮನಾಬಾದಿನ ಪಕ್ಕದ ಮಾಣಿಕನಗರಕ್ಕೆ ಹೋಗಬೇಕು. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಇಲ್ಲಿ ನೆಲೆನಿಂತು 1865ರಲ್ಲಿ ಸಮಾಧಿಸ್ಥರಾದರು. ಮರಾಠಿ, ಕನ್ನಡ, ಹಿಂದಿ ಎನ್ನದೆ ಪದ ಕಟ್ಟಿದರು. ಎಲ್ಲ ಮತವೂ ಒಂದೇ ಕಡೆಗೆ ಹರಿಯುತ್ತವೆ ಎಂಬ ಅವರ ಪಂಥಕ್ಕೆ ಸಕಲಮತವೆಂದೇ ಹೆಸರು. ದತ್ತನ ಭಕ್ತರು ಅವರನ್ನು ದತ್ತನೆಂದರು, ಲಿಂಗಾಯತರು ಬಸವಣ್ಣನೆಂದರು, ಮುಸಲ್ಮಾನರು ಮೆಹಬೂಬ್ ಸುಭಾನಿ ಎಂದರು. ದತ್ತ ಜಯಂತಿಯ ಹೊತ್ತಿಗೆ ಅಲ್ಲಿ ದರ್ಬಾರು ನಡೆಯುತ್ತದೆ. ಹೊರಗಿನಿಂದ ಗಾಯಕರು ಬಂದು ಹಾಡುತ್ತಾರೆ. ಕೇಳುವುದಕ್ಕೆ ಟಿಕೀಟು ಬೇಡ, ಜಾತಿ ಬೇಡ. ಹಾಡುವವರು ಕೇಳುವವರ ಊರಿಗೆ ನಡೆದು ಬರುವುದೇ ತಿರುಗಾಟವಾದರೆ, ಈ ನೆಲ ಅದನ್ನು ರಾಕ್ ಹುಟ್ಟುವ ಮೊದಲೇ ಕಂಡಿದೆ.

ಇನ್ನು ಸದ್ದಿನ ಮಾತು. ರಾಕ್ ಎಂದರೆ ಗದ್ದಲ ಎಂದು ಮೂಗು ಮುರಿಯುವ ಹಿರಿಯರು ಮೊಹರಮ್ಮಿನ ಅಲಾಯಿ ಕುಣಿತದಲ್ಲಿ ಹಲಗಿ ಬಡಿಯುವುದನ್ನು ಒಮ್ಮೆ ನೆನೆಸಿಕೊಳ್ಳಲಿ. ಎದೆ ನಡುಗಿಸುವ ಬಡಿತ, ಒಬ್ಬ ಎತ್ತಿಕೊಟ್ಟು ಹತ್ತು ಜನ ಹಿಂಬಾಲಿಸುವ ಪದ, ನಿಂತಲ್ಲಿ ನಿಲ್ಲಲಾರದ ಕಾಲು. ರಾಕ್ ಮಾಡುವುದೂ ಇಷ್ಟನ್ನೇ, ವಿದ್ಯುತ್ ಸೇರಿಸಿಕೊಂಡು. ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಗಿಟಾರಿನ ಜೊತೆ ಹಾಡಿ ಬ್ರಿಟನ್ನಿನ ಮೈದಾನಗಳವರೆಗೆ ಒಯ್ದರಲ್ಲ, ಅಲ್ಲಿನ ಜನ ಕನ್ನಡ ಕಲಿತು ಬಂದಿದ್ದರೆ? ಪದದೊಳಗಿನ ಕಸುವು ಕಿವಿಗೆ ತಟ್ಟಿತು, ಅಷ್ಟೆ.

ರಾಕ್ ಬರಲಿಲ್ಲ, ಆದರೆ ಅದರ ಸ್ಪೀಕರು ಮಾತ್ರ ಬಂದಿದೆ. ಮದುವೆ, ಮೆರವಣಿಗೆ, ಗಣಪತಿ ಎಲ್ಲಕ್ಕೂ ಲಾರಿಯ ಮೇಲೆ ಪೇರಿಸಿದ ಡಿಜೆ. ಹಾಡುವವನಿಲ್ಲ, ನುಡಿಸುವವನಿಲ್ಲ, ಗುಂಡಿ ಒತ್ತುವವನೊಬ್ಬ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಎಂದು 2000ದ ನಿಯಮ ಹೇಳುತ್ತದೆ. ಕಿಟಕಿಯ ಗಾಜು ಬೇರೆಯೇ ಹೇಳುತ್ತದೆ. ಇದಕ್ಕೂ ಒಳ್ಳೆಯ ರಾಕ್ ಕಚೇರಿಗೂ ಇರುವ ಅಂತರ ಬರಿಯ ಸದ್ದಿನದಲ್ಲ, ಲೆಕ್ಕದ್ದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೂರು ಮೀಟರ್ ಹಿಂದೆ ನಿಂತವನಿಗೆ ವೇದಿಕೆಯ ದನಿ ಮುಟ್ಟುವುದು ಸೆಕೆಂಡಿನ ಮೂರನೆಯ ಒಂದು ಭಾಗ ತಡವಾಗಿ. ಆದ್ದರಿಂದ ಬಲ್ಲವರು ಮೈದಾನದ ನಡುವೆ ನಿಲ್ಲಿಸಿದ ಸ್ಪೀಕರುಗಳ ದನಿಯನ್ನು ಅಷ್ಟೇ ತಡಮಾಡಿ ಬಿಡುತ್ತಾರೆ. ಎರಡೂ ಒಟ್ಟಿಗೆ ಕಿವಿ ಮುಟ್ಟುತ್ತವೆ. ಜಾತ್ರೆಯಲ್ಲಿ ಕಂಬಕ್ಕೊಂದು ಸ್ಪೀಕರು ಕಟ್ಟಿ ಒಂದೇ ಮಾತನ್ನು ಮೂರು ಸಲ ಕೇಳಿಸುವ ನಮಗೆ ಈ ವಿದ್ಯೆ ಯಾರಾದರೂ ಬಂದು ಕಲಿಸಬೇಕು.

ಅದಕ್ಕೇ ಲಾರಿ ನಿಲ್ಲಬೇಕು ಎನ್ನುವುದು. ಮೆಟಾಲಿಕಾ ಬರಲಿ ಎಂದು ಯಾರೂ ಹಟ ಹಿಡಿದಿಲ್ಲ. ಬೆಂಗಳೂರಿನ, ಪುಣೆಯ, ಹೈದರಾಬಾದಿನ ಸಣ್ಣ ತಂಡಗಳು ವರ್ಷಕ್ಕೊಮ್ಮೆ ಇಳಿದರೆ ಸಾಕು. ಬೇಕಾದದ್ದು ನೆರಳಿರುವ ಒಂದು ವೇದಿಕೆ, ನಡುವೆ ಕೈಕೊಡದ ಕರೆಂಟು, ಕೂಲಿಕಾರನ ಮಗನಿಗೂ ಎಟಕುವ ಟಿಕೀಟು. ಸರಕಾರದ ಉತ್ಸವಗಳು ಬಂದಾಗ ವೇದಿಕೆ ಏಳುತ್ತದೆ ನಿಜ. ಭಾಷಣ ಮುಗಿದು ಹಾಡಿನ ಸರದಿ ಬರುವಷ್ಟರಲ್ಲಿ ಮಕ್ಕಳು ತಾಯಂದಿರ ತೊಡೆಯ ಮೇಲೆ ನಿದ್ದೆಹೋಗಿರುತ್ತಾರೆ.

ಹಾಡನ್ನು ಈಗ ಕೈಯೊಳಗಿನ ಫೋನಿನಲ್ಲೇ ಕೇಳಬಹುದಲ್ಲ ಎನ್ನುವವರಿದ್ದಾರೆ. ಕೇಳಬಹುದು. ಆದರೆ ಗಿಟಾರಿನ ತಂತಿ ಕಡಿದಾಗ ಗಾಯಕ ನಕ್ಕು ಬರಿ ದನಿಯಲ್ಲೇ ಹಾಡು ಮುಂದುವರಿಸುವುದನ್ನು ಎದುರು ನಿಂತು ನೋಡಿದ ಹುಡುಗನಿಗೆ, ತಾನೂ ಒಂದು ತಂತಿ ಮೀಟಬಹುದು ಎಂಬ ಧೈರ್ಯ ಬರುತ್ತದೆ. ಅದು ಫೋನಿನಲ್ಲಿ ಬರುವುದಿಲ್ಲ. 2017ರಲ್ಲಿ ಬೀದರ್–ಕಲಬುರಗಿ ರೈಲು ಶುರುವಾದ ಮೇಲೆ ಹುಮನಾಬಾದಿನಲ್ಲಿ ರೈಲೂ ನಿಲ್ಲುತ್ತದೆ. ಇನ್ನು ಹಾಡು ನಿಲ್ಲುವುದೊಂದು ಬಾಕಿ.