ಪಾರ್ಟ್ ಜತೆಗೆ ಪಾರ್ಸೆಲ್ ಏಕೆ?

ಶಾಲೆಯ ಪ್ರವಾಸದಲ್ಲಿ ಸಕ್ರೆಬೈಲಿನ ಆನೆ ಬಿಡಾರ ನೋಡಿ ಬಂದ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಪ್ರಬಂಧ ಬರೆದಳು. ತುಂಗಾ ನದಿಯ ಸ್ನಾನ ಆ ಆನೆಗಳ ಬದುಕಿನ ‘ಪಾರ್ಟ್ ಆ್ಯಂಡ್ ಪಾರ್ಸೆಲ್’ ಎಂಬುದು ಅದರ ಒಂದು ವಾಕ್ಯ. ಅದನ್ನು ಓದಿದ ತಂದೆ, ‘ಪಾರ್ಟ್ ಅಂದರೇ ಭಾಗ. ಪಾರ್ಸೆಲ್ ಏತಕ್ಕೆ? ಹೋಟೆಲಿನಿಂದ ಕಟ್ಟಿಸಿಕೊಂಡು ಬಂದೆಯಾ?’ ಎಂದು ನಕ್ಕು ಆ ಪದವನ್ನು ಹೊಡೆದುಹಾಕಿದರು. ಮಗಳು ಸಪ್ಪಗಾದಳು. ಇಬ್ಬರಲ್ಲಿ ಯಾರು ಸರಿ?

ತಂದೆಯ ಅನುಮಾನದಲ್ಲಿ ಹುರುಳಿದೆ. ಪಾರ್ಸೆಲ್ ಎಂಬುದು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದ ಲ್ಯಾಟಿನ್ ಮೂಲದ ಪದ. ಅದರ ಹಳೆಯ ಅರ್ಥ ‘ಸಣ್ಣ ಭಾಗ’. ಕಟ್ಟು, ಪೊಟ್ಟಣ ಎಂಬ ಅರ್ಥಗಳು ಆಮೇಲೆ ಬಂದವು. ಜಮೀನಿನ ತುಂಡನ್ನು ಇಂಗ್ಲಿಷಿನಲ್ಲಿ ಇಂದಿಗೂ ಪಾರ್ಸೆಲ್ ಎನ್ನುತ್ತಾರೆ. ಅಂದರೆ ಈ ನುಡಿಗಟ್ಟಿನಲ್ಲಿ ‘ಭಾಗ’ ಎರಡು ಸಲ ಬಂದಿದೆ!

ಇದು ಕಾನೂನಿನವರ ಕೊಡುಗೆ. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ನ್ಯಾಯಾಲಯಗಳಲ್ಲಿ ಫ್ರೆಂಚ್ ಬೇರೂರಿತು. ಅರ್ಥದಲ್ಲಿ ಸಂದೇಹ ಉಳಿಯಬಾರದೆಂದು ಬರಹಗಾರರು ಸಮಾನಾರ್ಥಕ ಪದಗಳನ್ನು ಜೋಡಿಸತೊಡಗಿದರು. ‘ವಿಲ್ ಆ್ಯಂಡ್ ಟೆಸ್ಟಮೆಂಟ್’, ‘ನಲ್ ಆ್ಯಂಡ್ ವಾಯ್ಡ್’ ಇಂಥ ಜೋಡಿಗಳೇ. ಭೂಮಿ ಮಾರಿದವನು ನಾಳೆ ‘ಬಾವಿ ಕೊಟ್ಟಿಲ್ಲ, ಹಿತ್ತಲು ಕೊಟ್ಟಿಲ್ಲ’ ಎಂದು ತಗಾದೆ ತೆಗೆಯಬಾರದಲ್ಲ!

ನಮ್ಮವರೇನೂ ಹಿಂದೆ ಬಿದ್ದಿಲ್ಲ. ವಿಜಯನಗರ, ಕೆಳದಿ ಅರಸರ ಕಾಲದ ದಾನಶಾಸನಗಳು ಭೂಮಿಯ ಅಷ್ಟಭೋಗಗಳನ್ನು ಹೇಳುವಾಗ ನಿಧಿಯ ಪಕ್ಕದಲ್ಲೇ ನಿಕ್ಷೇಪವನ್ನೂ ಸೇರಿಸುತ್ತವೆ. ಇಂದಿಗೂ ನಾವು ‘ಕಾಗದಪತ್ರ’ ಎನ್ನುತ್ತೇವೆ, ‘ರೀತಿರಿವಾಜು’ ಎನ್ನುತ್ತೇವೆ. ಅಲ್ಲಿ ಒಂದು ಪದವನ್ನು ಯಾರೂ ಹೊಡೆದುಹಾಕುವುದಿಲ್ಲ.

ಆದ್ದರಿಂದ ಮಗಳು ಬರೆದದ್ದೇ ಸರಿ. ಕನ್ನಡದಲ್ಲಿ ಇದಕ್ಕೆ ‘ಅವಿಭಾಜ್ಯ ಅಂಗ’ ಎನ್ನಬಹುದು. ಬರಿಯ ಪಾರ್ಟ್ ಎಂದರೆ ಯಾವುದೇ ಭಾಗವಾದೀತು. ಎರಡೂ ಸೇರಿದರೆ, ಬೇರ್ಪಡಿಸಲಾಗದ ಭಾಗ. ಸಕ್ರೆಬೈಲಿನ ಬಿಡಾರಕ್ಕೆ ಮಾವುತರೂ ಕಾವಾಡಿಗಳೂ ‘ಪಾರ್ಟ್ ಆ್ಯಂಡ್ ಪಾರ್ಸೆಲ್’. ಒಂದು ಗಂಟೆ ನಿಂತು ಫೋಟೊ ತೆಗೆದುಕೊಂಡು ಹೊರಡುವ ನಾವು ಅಲ್ಲ.

ವಿದ್ಯಾರ್ಥಿಗಳು ಎರಡು ಮಾತು ನೆನಪಿಡಬೇಕು. ಇದರ ಹಿಂದೆ ‘ಎ’ ಸೇರಿಸಬೇಡಿ, ‘ಪಾರ್ಸೆಲ್ಸ್’ ಎಂದು ಬಹುವಚನ ಮಾಡಬೇಡಿ. ಮುಂದೆ ‘ಆಫ್’ ಬರಲಿ. ಇನ್ನೊಂದು, ಎಲ್ಲ ಪುನರುಕ್ತಿಯೂ ನುಡಿಗಟ್ಟಲ್ಲ. ‘ರಿಟರ್ನ್ ಬ್ಯಾಕ್’ ಎಂಬುದು ತಪ್ಪೇ. ರಿಟರ್ನ್ ಎಂದರೇ ಹಿಂದಿರುಗುವುದು. ರೂಢಿ ಒಪ್ಪಿದ ಜೋಡಿ ಯಾವುದು, ಅಜಾಗರೂಕತೆಯಿಂದ ಹುಟ್ಟಿದ್ದು ಯಾವುದು ಎಂಬುದನ್ನು ನಿಘಂಟು ಹೇಳುತ್ತದೆ.

ತಂದೆತಾಯಿಗಳಿಗೂ ಒಂದು ಮಾತು. ಮಕ್ಕಳ ಬರಹದಲ್ಲಿ ತಪ್ಪು ಕಂಡಿತೆನಿಸಿದರೆ ಕೆಂಪು ಶಾಯಿಯ ಪೆನ್ನಿಗಿಂತ ಮೊದಲು ನಿಘಂಟನ್ನು ತೆರೆಯಿರಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು. ಒಂದು ಪದ ಉಳಿಯುತ್ತದೆ, ಮಗುವಿನ ಧೈರ್ಯವೂ ಉಳಿಯುತ್ತದೆ.