ಬಾಯಿ ತೆರೆಯುವ ಪೆಟ್ಟಿಗೆ ಮೀನಿಗೋ, ನಮಗೋ?



ನಮ್ಮ ವಿಜ್ಞಾನದ ಕೋಣೆಗೆ ಮೀನಿನ ತೊಟ್ಟಿ ತರೋಣ ಎಂದು ಮೇಷ್ಟ್ರು ಹೇಳಿದ ದಿನದಿಂದ ಎಲ್ಲರ ಬಾಯಲ್ಲೂ ಒಂದೇ ಮಾತು. ಗುಳ್ಳೆ ಬಿಡುವ ಪೆಟ್ಟಿಗೆ! ನಮ್ಮ ಮನೆಗೆ ಬಂದು ನೋಡಿಕೊಂಡು ಹೋದವರದ್ದೇ ಹಟ ಜಾಸ್ತಿ. ಅದಕ್ಕೇ ನಾನು ಬರೀತಿದ್ದೀನಿ. ಎಲ್ಲರೂ ಕೂಡಿಸಿದ ದುಡ್ಡಿನಲ್ಲಿ ಮೊದಲು ಪೆಟ್ಟಿಗೆ ತರುವುದು ಬೇಡ ಎಂದು ನನ್ನ ಅಭಿಪ್ರಾಯ.

ನೋಡದವರಿಗೆ ಹೇಳ್ತೀನಿ. ಅದು ಪ್ಲಾಸ್ಟಿಕ್ಕಿನ ನಿಧಿ ಪೆಟ್ಟಿಗೆ. ತೊಟ್ಟಿಯ ತಳದಲ್ಲಿ ಇಡಬೇಕು. ಹೊರಗಿರುವ ಸಣ್ಣ ಪಂಪಿನಿಂದ ಕೊಳವೆಯಲ್ಲಿ ಗಾಳಿ ಬರುತ್ತೆ. ಗಾಳಿ ಮುಚ್ಚಳದ ಕೆಳಗೆ ತುಂಬಿ ತುಂಬಿ ಮುಚ್ಚಳವನ್ನು ಎತ್ತುತ್ತೆ, ಬುಳಕ್ ಅಂತ ದೊಡ್ಡ ಗುಳ್ಳೆ ಹೊರಗೆ ಹೋಗುತ್ತೆ, ಮುಚ್ಚಳ ಮತ್ತೆ ಬೀಳುತ್ತೆ. ನನ್ನ ತಂಗಿ ಅದನ್ನು ನೋಡ್ತಾ ಎರಡು ಮುದ್ದೆ ನುಂಗಿಬಿಡ್ತಾಳೆ. ನನಗೂ ಇಷ್ಟ, ಸುಳ್ಳು ಯಾಕೆ ಹೇಳಲಿ.

ಹಾಸನದಿಂದ ಮಾವ ತೊಟ್ಟಿ, ಪಂಪು, ಪೆಟ್ಟಿಗೆ, ನಾಲ್ಕು ಚಿನ್ನದ ಮೀನು ಎಲ್ಲಾ ತಂದುಕೊಟ್ಟರು. ತೊಟ್ಟಿ ಮೇಜಿನ ಮೇಲೆ, ಪಂಪು ನೆಲದ ಮೇಲೆ. ಒಂದು ರಾತ್ರಿ ಕರೆಂಟ್ ಹೋಯಿತು. ಬೆಳಿಗ್ಗೆ ಅಜ್ಜಿ "ಅಯ್ಯೋ, ಮನೆಯೆಲ್ಲಾ ನೀರು ಕಣೇ" ಅಂತ ಕೂಗಿದರು. ತೊಟ್ಟಿಯಲ್ಲಿ ನಾಲ್ಕು ಬೆರಳಷ್ಟೂ ನೀರಿರಲಿಲ್ಲ. ಎರಡು ಮೀನು ಕಲ್ಲಿನ ಮೇಲೆ ಪಕ್ಕಕ್ಕೆ ಮಲಗಿದ್ದವು. ಎತ್ತಿ ಬಕೆಟ್ಟಿಗೆ ಬಿಟ್ಟರೂ ಏಳಲಿಲ್ಲ. ಪಂಪೂ ಹಾಳಾಯಿತು.

ಯಾಕೆ ಹೀಗಾಯಿತು ಅಂತ ಅಪ್ಪ ತೋರಿಸಿದರು. ಡ್ರಮ್ಮಿನಿಂದ ಡೀಸೆಲ್ ತೆಗೆಯುವಾಗ ಪೈಪನ್ನು ಒಂದು ಸಲ ಬಾಯಲ್ಲಿ ಎಳೆದು ಕೆಳಗೆ ಬಿಟ್ಟರೆ ತಾನಾಗಿ ಸುರಿಯುತ್ತಲ್ಲ, ಅದೇ. ಗಾಳಿ ನಿಂತ ಮೇಲೆ ನೀರು ಕೊಳವೆಗೆ ನುಗ್ಗಿ ಕೆಳಗಿದ್ದ ಪಂಪಿಗೆ ಇಳಿದಿದೆ. ಪೆಟ್ಟಿಗೆ ತಳದಲ್ಲಿ ಇದ್ದದ್ದರಿಂದ ಕೊಳವೆಯ ಬಾಯಿಯೂ ತಳದಲ್ಲೇ. ಅಲ್ಲಿಯವರೆಗಿನ ನೀರೆಲ್ಲ ಖಾಲಿ. ಇದನ್ನು ತಡೆಯಲು ಬೆರಳಷ್ಟು ಉದ್ದದ ಒಂದು ವಾಲ್ವ್ ಸಿಗುತ್ತೆ. ಗಾಳಿಯನ್ನು ಒಂದೇ ಕಡೆ ಬಿಡುತ್ತೆ, ನೀರನ್ನು ವಾಪಸ್ ಬಿಡಲ್ಲ. ಬಾವಿ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಇದೆಯಲ್ಲ, ಅದರ ತಮ್ಮ ಅನ್ನಿ. ಪೆಟ್ಟಿಗೆಗಿಂತ ಎಷ್ಟೋ ಅಗ್ಗ. ಅಂಗಡಿಯವರು ಪೆಟ್ಟಿಗೆಯನ್ನು ಹೊಗಳಿ ಹೊಗಳಿ ಕೊಟ್ಟರಂತೆ, ವಾಲ್ವಿನ ಮಾತೇ ಎತ್ತಲಿಲ್ಲವಂತೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಟ್ಟಿದ್ದರೂ ಆ ಎರಡು ಮೀನು ಉಳಿಯುತ್ತಿದ್ದವು.

"ಗುಳ್ಳೆ ಇಲ್ಲದಿದ್ದರೆ ಮೀನು ಉಸಿರಾಡೋದು ಹೇಗೆ?" ಎಂದು ಬಿ ವಿಭಾಗದವರು ಕೇಳ್ತಾರೆ. ಗಾಳಿ ಬೇಕು, ನಾನು ಬೇಡ ಅಂದಿಲ್ಲ. ಆದರೆ ಮೀನು ಗುಳ್ಳೆಯನ್ನು ಕುಡಿಯಲ್ಲ. ಗುಳ್ಳೆ ಮೇಲೆ ಏರುವಾಗ ತಳದ ನೀರನ್ನು ಮೇಲಕ್ಕೆ ಎಳೆದು, ಮೇಲ್ಮೈಯನ್ನು ಕಲಕುತ್ತೆ. ಹೆಚ್ಚಿನ ಆಮ್ಲಜನಕ ಕರಗುವುದು ಅಲ್ಲಿ. ಬೇಸಿಗೆಯಲ್ಲಿ ಇದು ಇನ್ನೂ ಮುಖ್ಯ. ೨೦ ಡಿಗ್ರಿ ಇರುವ ಒಂದು ಲೀಟರ್ ನೀರಿನಲ್ಲಿ ಸುಮಾರು ೯ ಮಿಲಿಗ್ರಾಂ ಆಮ್ಲಜನಕ ಕರಗಿರಬಹುದು, ೩೦ ಡಿಗ್ರಿ ಆದರೆ ಸುಮಾರು ೭.೫ ಮಾತ್ರ. ಪೆಟ್ಟಿಗೆ ಒಂದು ಸಲ ಬುಳಕ್ ಅಂದು ಸುಮ್ಮನಾಗುತ್ತೆ. ಗಾಳಿ ಕಲ್ಲು ಅಂತ ಸಿಗುತ್ತೆ, ಅದರಿಂದ ಸಣ್ಣ ಸಣ್ಣ ಗುಳ್ಳೆ ಬಿಡುವಿಲ್ಲದೆ ಬರುತ್ತೆ. ನೋಡೋಕೆ ಅಷ್ಟು ಚಂದ ಇಲ್ಲ, ನಿಜ. ಆದರೆ ತೊಟ್ಟಿಯಲ್ಲಿ ಜಾಗ ತಿನ್ನಲ್ಲ. ನಮ್ಮ ಪೆಟ್ಟಿಗೆ ಮೀನು ತಿರುಗಾಡುವ ಜಾಗದಲ್ಲಿ ಕಾಲು ಭಾಗ ನುಂಗಿತ್ತು. ಅದರ ಹಿಂದೆ ಸಿಕ್ಕಿಕೊಂಡ ಕಾಳು ಕೊಳೆತು ನಾರುತ್ತಿತ್ತು. ಅದನ್ನು ತೊಳೆಯುವವಳು ನಾನೇ.

ಕರೆಂಟ್ ಬಿಲ್ಲಿನ ಭಯ ಬೇಡ. ೫ ವಾಟಿನ ಪಂಪು ದಿನಪೂರ್ತಿ ಓಡಿದರೂ ೩೦ ದಿನಕ್ಕೆ ೩.೬ ಯೂನಿಟ್. ಬೇಕಾದರೆ ಗುಣಿಸಿ ನೋಡಿ.

ನನ್ನ ಭಯ ಬೇರೆ. ಮನೆಯಲ್ಲಾದರೆ ಬೆಳಿಗ್ಗೆ ಅಜ್ಜಿಯಾದರೂ ನೋಡಿದರು. ಶಾಲೆಯಲ್ಲಿ ರಾತ್ರಿ ಯಾರಿರ್ತಾರೆ? ಶನಿವಾರ ಮಧ್ಯಾಹ್ನ ಬೀಗ ಹಾಕಿದರೆ ಸೋಮವಾರವೇ ತೆಗೆಯೋದು. ಅಷ್ಟರಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತೋ! ಅದಕ್ಕೆ ಮೊದಲು ವಾಲ್ವ್, ಆಮೇಲೆ ಗಾಳಿ ಕಲ್ಲು, ಪಂಪು ಮೇಲಿನ ಗೂಡಿನಲ್ಲಿ. ಮೀನು ಕಡಿಮೆ ಇರಲಿ. ಇಷ್ಟಾಗಿ ದುಡ್ಡು ಉಳಿದರೆ ಪೆಟ್ಟಿಗೆ ತನ್ನಿ, ನಾನೂ ಬಂದು ನೋಡ್ತೀನಿ.

ದುಡ್ಡು ಉಳಿಯದಿದ್ದರೆ ನಮ್ಮ ಮನೆಯದನ್ನೇ ಕೊಡ್ತೀನಿ. ತೊಳೆದು ಅಟ್ಟದ ಮೇಲೆ ಇಟ್ಟಿದ್ದೀನಿ. ತಂಗಿಯನ್ನು ಒಪ್ಪಿಸುವುದೊಂದೇ ಬಾಕಿ.

– ೭ನೇ ತರಗತಿ, ಎ ವಿಭಾಗದ ವಿದ್ಯಾರ್ಥಿನಿ