ಪುದೀನಾ ಬೇರಿಗೆ ಬ್ಲೀಚಿಂಗ್ ಹಾಕಬೇಕಾ, ಬ್ಯಾಡಾ?

ಹೋದ ವಾರ ಸಿರುಗುಪ್ಪದಿಂದ ನಮ್ಮ ನಾದಿನಿ ಫೋನ್ ಮಾಡಿದ್ಲು. "ವದಿನಿ, ನಿಮ್ಮಂಗ ನಾನೂ ಮಾಳಿಗಿ ಮ್ಯಾಲೆ ಪೈಪಿನಾಗ ಪುದೀನಾ ಬೆಳೀತೀನಿ. ಸಂಘದಾಗ ಸಾಲ ಕೇಳೀನಿ. ಬೇರು ಕೊಳೀಬಾರ್ದು ಅಂದ್ರ ದಿನಾ ಒಂದು ಮುಚ್ಚಳ ಬ್ಲೀಚಿಂಗ್ ನೀರು ಹಾಕಿದ್ರ ಆತಂತಲ್ಲ?" ಅಂದ್ಲು. ನನ್ನ ಎದಿ ಧಸಕ್ ಅಂತು. ಸಾಲದ ದುಡ್ಡು ಆಕಿ ಕೈಗೆ ಬರೂದ್ರಾಗ ಹೇಳಬೇಕಾದ ಮಾತು ಇದು. ನಿಮಗೂ ಬೇಕಾಗ್ತೈತಿ ಅಂತ ಇಲ್ಲೇ ಬರೀತೀನಿ.

ಎರಡು ಬ್ಯಾಸಿಗಿ ಹಿಂದ ನಾನೂ ಇದೇ ಮಾಡಿದ್ದೆ. ನಮ್ಮ ಸಂಗನಕಲ್ಲು ಬಿಸಿಲು ನಿಮಗ ಗೊತ್ತೇ ಐತಿ, ಗುಡ್ಡದ ಬಂಡಿ ಕಾದು ರಾತ್ರಿ ತನಕ ಆರೂದಿಲ್ಲ. ಮಾಳಿಗಿ ಮ್ಯಾಲೆ 100 ಲೀಟರ್ ಡ್ರಮ್ಮು, ನಾಕು ಪೈಪು, ಪುದೀನಾ, ಪಾಲಕ್. ಏಪ್ರಿಲ್ ತಿಂಗಳು ಬೇರು ನೀರಿನಾಗೇ ಇದ್ರೂ ಮಧ್ಯಾಹ್ನ ಎಲಿ ಜೋತು ಬೀಳಾಕ ಹತ್ತಿದ್ವು. ಕಿತ್ತು ನೋಡಿದ್ರ ಬೇರು ಕಂದು ಬಣ್ಣ, ಲೋಳಿ ಲೋಳಿ, ಮೋರಿ ವಾಸನಿ. ಬೆರಳಿನಾಗ ಹಿಡಿದು ಎಳದ್ರ ಮ್ಯಾಲಿನ ಸಿಪ್ಪಿ ಜಾರಿ ಬಂದು ದಾರದಂಥಾ ಎಳಿ ಉಳೀತಿತ್ತು. ಪಕ್ಕದ ಮನಿಯವರು ಹೇಳಿದ್ರು ಅಂತ ಒಂದು ಮುಚ್ಚಳ ಬ್ಲೀಚಿಂಗ್ ನೀರು ಸುರಿದೆ. ಎರಡು ದಿನದಾಗ ಎಲಿ ಅಂಚು ಸುಟ್ಟಂಗಾತು. ಉಳಿದಿದ್ದ ಗಿಡನೂ ಹೋದ್ವು.

ಆಮೇಲೆ ಕುಂತು ತಿಳ್ಕೊಂಡೆ. ಬೇರು ಕೊಳಸೋದು ಪಿಥಿಯಮ್ ಅನ್ನೋ ಬೂಷ್ಟಿನಂಥಾ ಜೀವಿ. ಕುರುಗೋಡು ಕಡೆ ಮೆಣಸಿನಕಾಯಿ ಸಸಿಮಡಿಯಾಗ ಸಸಿ ಬುಡ ಕರಗಿ ಬೀಳ್ತಾವಲ್ಲ, ಅದಕ್ಕೂ ಬಹಳ ಸಲ ಇದೇ ಕಾರಣ. ಇದರ ಬೀಜಕಣ ನೀರಿನಾಗ ಈಜ್ತಾವ. ಹೊಲದಾಗ ಒಂದು ಮೂಲಿ ಸಸಿ ಹೋಗಬಹುದು, ಪೈಪಿನಾಗ ಒಂದೇ ನೀರು ಎಲ್ಲಾ ಬೇರು ಮುಟ್ಟಿ ಬರ್ತೈತಿ.

ನಾದಿನಿ ಕೇಳಿದ್ಲು: "ನಮ್ಮ ಭತ್ತ ತಿಂಗಳಾನುಗಟ್ಲೆ ನೀರಾಗ ನಿಂತಿರ್ತೈತಿ, ಅದ್ಯಾಕ ಕೊಳಿಯಂಗಿಲ್ಲ?" ಒಳ್ಳೆ ಪ್ರಶ್ನಿ. ಭತ್ತದ ಕಾಂಡದಾಗ, ಬೇರಿನಾಗ ಗಾಳಿ ಇಳಿಯೋ ಕೊಳವಿ ಅದಾವ, ಮ್ಯಾಲಿಂದ ಉಸಿರು ಕೆಳಗ ಹೋಗ್ತೈತಿ. ಪಾಲಕ್, ಪುದೀನಾಕ್ಕ ಅಷ್ಟು ಅನುಕೂಲ ಇಲ್ಲ. ನೀರಿನಾಗ ಕರಗಿದ ಗಾಳಿನೇ ಅವಕ್ಕ ಆಧಾರ. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡೀತೈತಿ, 35 ಡಿಗ್ರಿಗೆ ಅದು 7ರ ಆಸುಪಾಸಿಗೆ ಇಳೀತೈತಿ. ಸೆಕಿಗೆ ಬೇರಿಗೆ ಉಸಿರು ಹೆಚ್ಚು ಬೇಕು, ಸಿಗೋದು ಕಡಿಮಿ. ಉಸಿರುಗಟ್ಟಿದ ಬೇರಿಗೆ ರೋಗ ಲಗೂನ ಹತ್ತತೈತಿ.

ಅದಕ್ಕ ನನ್ನ ಅಭಿಪ್ರಾಯ ಇಷ್ಟು: ಬ್ಲೀಚಿಂಗ್ ಕಾವಲುಗಾರ, ವೈದ್ಯ ಅಲ್ಲ. ನೀರಿನಾಗ ಈಜೋ ಕಣ ಕೊಲ್ತೈತಿ, ಬೇರಿನ ಒಳಗ ಹೊಕ್ಕ ರೋಗ ತಗಿಯಂಗಿಲ್ಲ, ಕೊಳೆತ ಬೇರು ಚಿಗುರಸಂಗಿಲ್ಲ.

ನಮ್ಮ ಅತ್ತಿ ಮಾತು ಬ್ಯಾರೆ. "ಪಾಯಖಾನಿಗೆ ಹಾಕೋದನ್ನ ತಿನ್ನೋ ಸೊಪ್ಪಿಗೆ ಹಾಕ್ತೀಯೇನ?" ಅಂತಾರ. ಅತ್ತಿ, ನಾವು ಕುಡಿಯೋ ನಳದ ನೀರಿಗೂ ಅದೇ ಹಾಕ್ತಾರ. ಅಮೆರಿಕದ ಜರ್ಸಿ ಸಿಟಿಯಾಗ 1908ರಾಗೇ ಊರ ನೀರಿಗೆ ಕ್ಲೋರಿನ್ ಹಾಕಾಕ ಶುರು ಮಾಡ್ಯಾರ. 1000 ಲೀಟರ್ ಕುಡಿಯೋ ನೀರಿಗೆ ಒಳ್ಳೆ ಬ್ಲೀಚಿಂಗ್ ಪುಡಿ ಎರಡೂವರಿ ಗ್ರಾಂ ಸಾಕು. ಹೆದರಬೇಕಾದ್ದು ಹೆಸರಿಗಲ್ಲ, ಅಳತಿಗೆ.

ಅಳತಿ ನೋಡ್ರಿ. ಅಂಗಡಿಯಾಗ ಸಿಗೋ 4 ಪರ್ಸೆಂಟಿನ ಬ್ಲೀಚಿಂಗ್ ನೀರು 100 ಲೀಟರಿಗೆ ಎರಡೂವರಿ ಎಂಎಲ್, ಅಂದ್ರ ಅರ್ಧ ಚಾ ಚಮಚ ಹಾಕಿದ್ರ ಒಂದು ಪಿಪಿಎಂ ಆಗ್ತೈತಿ. 25 ಎಂಎಲ್ ಹಿಡಿಯೋ ಮುಚ್ಚಳದಾಗ ಹಾಕಿದ್ರ ಹತ್ತು ಪಟ್ಟು! ಎಳೆ ಬೇರು ಹೆಂಗ ತಡಕೋತಾವ? ಮ್ಯಾಲೆ ಗೊಬ್ಬರದಾಗ ಅಮೋನಿಯ ಇದ್ರ ಕ್ಲೋರಿನ್ ಅದರ ಜೊತಿ ಕೂಡಿ ಕ್ಲೋರಮಿನ್ ಆಗ್ತೈತಿ, ಅದೂ ಬೇರಿಗೆ ಕೆಡಕು. ಹಂಗಂತ ಅರ್ಧ ಚಮಚ ದಿನಾ ಹಾಕ್ರಿ ಅಂತಾನೂ ನಾ ಹೇಳೂದಿಲ್ಲ. ಬಿಸಿಲಿಗೆ ಕ್ಲೋರಿನ್ ಹಾರಿ ಹೋಗ್ತೈತಿ, ಬಾಟ್ಲಿ ಹಳೇದಾದ್ರ ಕಸುವು ಇಳೀತೈತಿ. ಅಳಿಯೋ ಪಟ್ಟಿ ಇಲ್ದ ಎಷ್ಟು ಉಳದೈತಿ ಅಂತ ಕಣ್ಣಿಗೆ ತಿಳಿಯಂಗಿಲ್ಲ. ಜೀವಾಮೃತ, ಟ್ರೈಕೋಡರ್ಮಾ ಹಾಕೋರಂತೂ ಬ್ಲೀಚಿಂಗ್ ಮುಟ್ಟಬ್ಯಾಡ್ರಿ. ಒಂದು ಕೈಲೆ ಒಳ್ಳೆ ಜೀವಿ ಸಾಕಿ ಇನ್ನೊಂದು ಕೈಲೆ ಕೊಂದಂಗ.

ಹಂಗಾರ ಯಾವಾಗ ಹಾಕಬೇಕು? ಬೆಳಿ ತಗದ ಮ್ಯಾಲೆ, ಪೈಪು ಖಾಲಿ ಇದ್ದಾಗ. ನಾ ಈಗ ಮಾಡೋದು ಹಿಂಗ: ಲೋಳಿ, ಬೇರಿನ ಚೂರು ಎಲ್ಲಾ ಬ್ರಷ್ ಹಾಕಿ ತಿಕ್ಕತೀನಿ, ಯಾಕಂದ್ರ ಹೊಲಸಿದ್ರ ಕ್ಲೋರಿನ್ ಅದರ ಮ್ಯಾಲೇ ಖರ್ಚಾಗ್ತೈತಿ. 100 ಲೀಟರಿಗೆ ಕಾಲು ಲೀಟರ್ ಬ್ಲೀಚಿಂಗ್ ನೀರು ಕೂಡಿಸಿ ಅರ್ಧ ತಾಸು ತಿರುಗಸ್ತೀನಿ. ಆಮೇಲೆ ಎರಡು ಸಲ ಒಳ್ಳೆ ನೀರಿಲೆ ತೊಳದು, ಒಂದು ದಿನ ಬಿಸಿಲಿಗೆ ಒಣಗಸ್ತೀನಿ. ಆಸಿಡ್ ಹಾಕಿ ತೊಳೆಯೋ ಚಟ ಇದ್ದೋರು ಇದು ಓದ್ರಿ: ಬ್ಲೀಚಿಂಗ್ ಜೊತಿ ಆಸಿಡ್ ಕೂಡಿದ್ರ ವಿಷದ ಗಾಳಿ ಏಳ್ತೈತಿ. ಮುಚ್ಚಿದ ಬಚ್ಚಲದಾಗ ಜೀವಕ್ಕೇ ಬರ್ತೈತಿ. ಕೂಡಿಸಲೇಬ್ಯಾಡ್ರಿ.

ಉಳಿದ ದಿನ ಕಾಯೋದು ನೆರಳು ಮತ್ತ ಗಾಳಿ. ಡ್ರಮ್ಮು ಮೆಟ್ಟಿಲ ಕೆಳಗ ಇಳಿಸೀನಿ, ಸುತ್ತ ಒದ್ದಿ ಗೋಣಿಚೀಲ. ಮೀನಿನ ತೊಟ್ಟಿಗೆ ಹಾಕೋ ಗಾಳಿ ಪಂಪು ಹಾಕೀನಿ. ನೀರಿಗೆ ಬೆಳಕು ಬೀಳದಂಗ ಮುಚ್ಚೀನಿ, ಇಲ್ದಿದ್ರ ಪಾಚಿ ಕಟ್ತೈತಿ. ವಾರಕ್ಕೊಮ್ಮಿ ಒಂದು ಗಿಡ ಎತ್ತಿ ಬೇರು ನೋಡ್ತೀನಿ. ಬೆಳ್ಳಗಿದ್ರ ಸಮಾಧಾನ. ಕಂದಾಗಿದ್ರ ಆ ಗಿಡ ಕಿತ್ತು ದೂರ ಒಗದು ನೀರು ಬದಲಿ ಮಾಡ್ತೀನಿ. ಏಪ್ರಿಲ್, ಮೇ ಎರಡು ತಿಂಗಳು ಪೈಪಿಗೆ ರಜಾ.

ನಾದಿನಿಗೆ ಹೇಳೀನಿ, ಸಾಲ ಈಗ ಬ್ಯಾಡ. ದೀಪಾವಳಿ ಕಳೀಲಿ, ಸೆಕಿ ಇಳೀಲಿ. ಒಂದೇ ಪೈಪು ಹಾಕು, ಎರಡು ಸಲ ಸೊಪ್ಪು ಕೊಯ್ದು ಮಾರು. ಬೇರು ಕೆಟ್ರ ಒಂದು ಗಿಡ ಕವರಿನಾಗ ಹಾಕ್ಕೊಂಡು ಹಗರಿ ಕೃಷಿ ವಿಜ್ಞಾನ ಕೇಂದ್ರಕ್ಕ ಹೋಗಿ ತೋರಸು. ಆಮೇಲೆ ಸಾಲದ ಮಾತು. "ಆತು ವದಿನಿ, ಹಂಗಾರ ಮೊದಲು ಗೋಣಿಚೀಲ ಹುಡುಕ್ತೀನಿ" ಅಂದ್ಲು. ಅಲ್ಲಿಂದ ಶುರು ಮಾಡಿದ್ರ ಸಾಕು.